ಮರುಹುಟ್ಟಿಗೆ ಬೀಜಿಂಗ್‌ನ ಮೊಹರು

2025ರ ಜುಲೈ 2ರಂದು ಧರ್ಮಶಾಲಾದಲ್ಲಿ ಟಿಬೆಟಿನ ಧರ್ಮಗುರುಗಳು ಸಭೆ ಸೇರಿದ್ದರು. ನಾಲ್ಕು ದಿನ ಕಳೆದರೆ ತೊಂಬತ್ತು ತುಂಬಲಿದ್ದ ಹದಿನಾಲ್ಕನೆಯ ದಲೈ ಲಾಮಾ ಆ ಸಭೆಗೆ ಕಳುಹಿಸಿದ ವಿಡಿಯೊ ಸಂದೇಶದ ಸಾರ ಎರಡೇ ಮಾತು. ದಲೈ ಲಾಮಾ ಪರಂಪರೆ ತಮ್ಮ ಕಾಲದ ನಂತರವೂ ಮುಂದುವರಿಯುತ್ತದೆ. ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾಡೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಇದೆ, ಬೇರೆ ಯಾರೂ ಅದರಲ್ಲಿ ತಲೆ ಹಾಕುವಂತಿಲ್ಲ. ಅದೇ ದಿನ ಬೀಜಿಂಗ್‌ನಿಂದ ಉತ್ತರ ಬಂತು. ಹುಡುಕಾಟ ಚೀನಾದ ಒಳಗೇ ನಡೆಯಬೇಕು, ಬಂಗಾರದ ಕಲಶದಿಂದ ಹೆಸರು ಎತ್ತಬೇಕು, ಕೇಂದ್ರ ಸರ್ಕಾರ ಒಪ್ಪಿಗೆ ಕೊಡಬೇಕು ಎಂದು ವಿದೇಶಾಂಗ ಸಚಿವಾಲಯದ ವಕ್ತಾರರು ಪಟ್ಟು ಹಿಡಿದರು.

ಇದರಲ್ಲಿರುವ ವೈಚಿತ್ರ್ಯವನ್ನು ಒಮ್ಮೆ ಗಮನಿಸಿ. ಚೀನಾದ ಕಮ್ಯುನಿಸ್ಟ್ ಪಕ್ಷ ನಾಸ್ತಿಕ ಪಕ್ಷ. ಅದರ ಸದಸ್ಯರು ಯಾವ ಧರ್ಮವನ್ನೂ ಪಾಲಿಸುವಂತಿಲ್ಲ. ಸತ್ತ ಮೇಲೆ ಮತ್ತೆ ಹುಟ್ಟುವುದನ್ನು ಆ ಪಕ್ಷ ನಂಬುವುದಿಲ್ಲ. ಆದರೂ ಒಬ್ಬ ಲಾಮಾ ಸತ್ತ ಮೇಲೆ ಎಲ್ಲಿ, ಯಾರಾಗಿ ಹುಟ್ಟುತ್ತಾರೆ ಎಂಬುದನ್ನು ತಾನೇ ತೀರ್ಮಾನಿಸಬೇಕೆಂದು ಅದು ಹಟ ಹಿಡಿದಿದೆ. ಇದನ್ನು ಬರೀ ಹಾಸ್ಯಾಸ್ಪದ ಎಂದು ತಳ್ಳಿಹಾಕಿದರೆ ವಿಷಯದ ತಿರುಳು ಕೈತಪ್ಪಿ ಹೋಗುತ್ತದೆ. ಜಗತ್ತಿನ ಎರಡನೆಯ ಅತಿ ದೊಡ್ಡ ಆರ್ಥಿಕ ಶಕ್ತಿ, ಅಣ್ವಸ್ತ್ರ ಇರುವ ದೇಶ, ಇನ್ನೂ ಹುಟ್ಟದ ಒಂದು ಮಗುವಿನ ಮೇಲೆ ಹಕ್ಕು ಸಾಧಿಸಲು ಹೊರಟಿದೆ ಎಂದರೆ, ಆ ಮಗುವಿನಲ್ಲಿ ಅದಕ್ಕೆ ಬೇಕಾದದ್ದು ಏನೋ ಇದೆ.

ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ಧರ್ಮಕ್ಕೆ ಬಹುಕಾಲ ಜಾಗವೇ ಇರಲಿಲ್ಲ. 1648ರ ವೆಸ್ಟ್‌ಫಾಲಿಯಾ ಒಪ್ಪಂದದೊಂದಿಗೆ ಯುರೋಪಿನ ಧರ್ಮಯುದ್ಧಗಳು ಮುಗಿದವು, ಆಮೇಲೆ ದೇಶಗಳ ನಡುವಿನ ವ್ಯವಹಾರ ಗಡಿ, ಸೈನ್ಯ, ವ್ಯಾಪಾರಗಳಿಗೆ ಸೇರಿದ್ದು ಎಂಬುದು ರೂಢಿಯ ಪಾಠ. 1979ರಲ್ಲಿ ಇರಾನಿನ ಕ್ರಾಂತಿ ನಡೆಯಿತು. ಅದೇ ವರ್ಷ ಪೋಪ್ ಎರಡನೆಯ ಜಾನ್ ಪಾಲ್ ತಮ್ಮ ತಾಯ್ನಾಡು ಪೋಲೆಂಡಿಗೆ ಹೋದಾಗ ಕಮ್ಯುನಿಸ್ಟ್ ಆಡಳಿತದ ಕಣ್ಣೆದುರೇ ಲಕ್ಷಾಂತರ ಜನ ಸೇರಿದರು. ಈ ಎರಡು ಘಟನೆಗಳು ಆ ಪಾಠವನ್ನು ಅಲುಗಾಡಿಸಿದವು. ಆದರೂ ಧರ್ಮ ಎಂದೊಡನೆ ನಮ್ಮ ಚರ್ಚೆ ಭಯೋತ್ಪಾದನೆಯ ಕಡೆಗೋ ಯುದ್ಧದ ಕಡೆಗೋ ಹೊರಳುತ್ತದೆ. ಧರ್ಮ ದೇಶಗಳ ನಡುವೆ ಕೆಲಸ ಮಾಡುವ ಇನ್ನೊಂದು ಬಗೆ ಇದೆ, ಅದು ಇದಕ್ಕಿಂತ ಆಳವಾದದ್ದು. ಜನರ ಮನಸ್ಸಿನ ಒಪ್ಪಿಗೆಯನ್ನು ಯಾರು ಹಿಡಿದಿಟ್ಟುಕೊಂಡಿದ್ದಾರೆ ಎಂಬುದು ಅಲ್ಲಿನ ಪ್ರಶ್ನೆ. ಅದನ್ನು ಅರಿಯಲು ಟಿಬೆಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆ ಉದಾಹರಣೆಯ ಒಂದು ತುದಿ ನಮ್ಮ ಬೈಲಕುಪ್ಪೆ, ಮುಂಡಗೋಡಗಳಲ್ಲೇ ಇದೆ.

ದಲೈ ಲಾಮಾ ಎಂಬ ಪದವಿ ರಾಜಕಾರಣದ ನಂಟಿನೊಂದಿಗೇ ಹುಟ್ಟಿದ್ದು. 1578ರಲ್ಲಿ ಮಂಗೋಲರ ದೊರೆ ಆಲ್ತಾನ್ ಖಾನ್ ಟಿಬೆಟಿನ ಗುರು ಸೋನಂ ಗ್ಯಾತ್ಸೋಗೆ ಆ ಬಿರುದು ಕೊಟ್ಟ. ಅವರಿಗಿಂತ ಹಿಂದಿನ ಇಬ್ಬರು ಗುರುಗಳನ್ನೂ ಪರಂಪರೆಗೆ ಸೇರಿಸಿಕೊಂಡು ಸೋನಂ ಗ್ಯಾತ್ಸೋ ಮೂರನೆಯ ದಲೈ ಲಾಮಾ ಆದರು. ನಾಲ್ಕನೆಯವರು ಹುಟ್ಟಿದ್ದು ಅದೇ ಆಲ್ತಾನ್ ಖಾನನ ವಂಶದಲ್ಲಿ. 1642ರಲ್ಲಿ ಇನ್ನೊಬ್ಬ ಮಂಗೋಲ ದೊರೆ ಗುಶ್ರಿ ಖಾನ್ ತನ್ನ ಸೈನ್ಯಬಲದಿಂದ ಐದನೆಯ ದಲೈ ಲಾಮಾರನ್ನು ಟಿಬೆಟಿನ ಅಧಿಕಾರದಲ್ಲಿ ಕೂರಿಸಿದ. ಗುರು ಧರ್ಮವನ್ನು ಕೊಡುತ್ತಾನೆ, ದೊರೆ ರಕ್ಷಣೆ ಕೊಡುತ್ತಾನೆ. ಟಿಬೆಟಿನವರು ಮಂಗೋಲರೊಂದಿಗೂ ಆಮೇಲೆ ಚೀನಾದ ಮಂಚೂ ಚಕ್ರವರ್ತಿಗಳೊಂದಿಗೂ ಇಟ್ಟುಕೊಂಡಿದ್ದ ನಂಟನ್ನು ಅರ್ಥಮಾಡಿಕೊಂಡದ್ದೇ ಹೀಗೆ. ಬೀಜಿಂಗ್ ಅದೇ ನಂಟನ್ನು ಒಡೆಯ ಮತ್ತು ಅಧೀನನ ಸಂಬಂಧ ಎಂದು ಓದುತ್ತದೆ. ಇಂದಿನ ಜಗಳದ ಬೇರು ಈ ಎರಡು ಓದುಗಳ ನಡುವೆ ಇದೆ.

ಬಂಗಾರದ ಕಲಶದ ಕಥೆಯೂ ಆ ಕಾಲದ್ದೇ. ನೇಪಾಳದ ಗೂರ್ಖಾ ಸೈನ್ಯ ಟಿಬೆಟಿಗೆ ನುಗ್ಗಿದಾಗ ಚಕ್ರವರ್ತಿ ಚಿಯೆನ್‌ಲುಂಗ್ ಸೈನ್ಯ ಕಳುಹಿಸಿ ಅದನ್ನು ಹಿಮ್ಮೆಟ್ಟಿಸಿದ. ಆ ಉಪಕಾರದ ಬೆನ್ನಿಗೇ 1793ರಲ್ಲಿ ಒಂದು ಕಟ್ಟಳೆ ಬಂತು. ದೊಡ್ಡ ಲಾಮಾಗಳ ಮರುಹುಟ್ಟಿನ ಬಗ್ಗೆ ಒಂದಕ್ಕಿಂತ ಹೆಚ್ಚು ಮಕ್ಕಳ ಹೆಸರು ಬಂದರೆ ಅವನ್ನು ಬರೆದು ಕಲಶಕ್ಕೆ ಹಾಕಿ ಒಂದನ್ನು ಎತ್ತಬೇಕು ಎಂಬುದು ಅದರ ಸಾರ. ಆ ನಿಯಮ ಎಲ್ಲ ಸಲವೂ ನಡೆಯಲಿಲ್ಲ. ಒಂಬತ್ತನೆಯ ಮತ್ತು ಹದಿಮೂರನೆಯ ದಲೈ ಲಾಮಾಗಳ ಆಯ್ಕೆಯಲ್ಲಿ ಕಲಶ ಬಳಕೆಯಾಗಲಿಲ್ಲ. ಇಂದಿನ ಹದಿನಾಲ್ಕನೆಯವರ ಆಯ್ಕೆಯಲ್ಲೂ ಆಗಲಿಲ್ಲ. ಆಗಿನ ಚೀನಾ ಗಣರಾಜ್ಯದ ಸರ್ಕಾರ ವಿನಾಯಿತಿ ಕೊಟ್ಟಿತ್ತು ಎಂದು ಬೀಜಿಂಗ್ ವಾದಿಸುತ್ತದೆ. ಟಿಬೆಟಿನವರು ಆ ವಾದವನ್ನೇ ಒಪ್ಪುವುದಿಲ್ಲ. ಚಕ್ರವರ್ತಿಗಳನ್ನು ಕಿತ್ತೆಸೆದು ಬಂದ ಕ್ರಾಂತಿಕಾರಿ ಪಕ್ಷ ಇಂದು ಒಬ್ಬ ಚಕ್ರವರ್ತಿಯ ಕಟ್ಟಳೆಯನ್ನು ತಲೆಯ ಮೇಲೆ ಹೊತ್ತು ನಿಂತಿದೆ.

ಕಲಶ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಲು 1995ಕ್ಕೆ ಹೋಗಬೇಕು. ಟಿಬೆಟಿನ ಬೌದ್ಧರಿಗೆ ದಲೈ ಲಾಮಾರ ನಂತರ ಅತಿ ದೊಡ್ಡ ಹೆಸರು ಪಂಚೆನ್ ಲಾಮಾರದು. ಒಬ್ಬರು ತೀರಿಕೊಂಡರೆ ಅವರ ಮರುಹುಟ್ಟನ್ನು ಗುರುತಿಸುವುದರಲ್ಲಿ ಇನ್ನೊಬ್ಬರಿಗೆ ಪಾತ್ರ ಇರುವುದು ಹಳೆಯ ಪದ್ಧತಿ. ಹತ್ತನೆಯ ಪಂಚೆನ್ ಲಾಮಾ 1989ರ ಜನವರಿಯಲ್ಲಿ ಶಿಗಾತ್ಸೆಯಲ್ಲಿ ತೀರಿಕೊಂಡರು. 1995ರ ಮೇ 14ರಂದು ದಲೈ ಲಾಮಾ ಗೆಂಡುನ್ ಚೋಕ್ಯಿ ನ್ಯಿಮಾ ಎಂಬ ಆರು ವರ್ಷದ ಹುಡುಗನೇ ಹನ್ನೊಂದನೆಯ ಪಂಚೆನ್ ಲಾಮಾ ಎಂದು ಸಾರಿದರು. ಮೂರು ದಿನಕ್ಕೆ ಆ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಚೀನಾದ ಅಧಿಕಾರಿಗಳು ಕರೆದೊಯ್ದರು. ಅಂದಿನಿಂದ ಅವರು ಹೊರಜಗತ್ತಿನ ಕಣ್ಣಿಗೆ ಬಿದ್ದಿಲ್ಲ. ಹುಡುಕಾಟದ ನೇತೃತ್ವ ವಹಿಸಿದ್ದ ತಾಶಿ ಲ್ಹುನ್ಪೊ ಮಠದ ಮುಖ್ಯಸ್ಥ ಚಾಡ್ರೆಲ್ ರಿಂಪೋಚೆ ಜೈಲು ಸೇರಿದರು.

ಅದೇ ವರ್ಷ ನವೆಂಬರ್ 29ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಲ್ಹಾಸಾದ ಜೋಖಾಂಗ್ ದೇವಾಲಯದಲ್ಲಿ ಬುದ್ಧನ ಮೂರ್ತಿಯ ಎದುರು ಕಲಶ ಇಡಲಾಯಿತು. ಸುತ್ತ ಲಾಮಾಗಳು, ಪಕ್ಷದ ಅಧಿಕಾರಿಗಳು, ಪೊಲೀಸರು. ದಂತದ ಕಡ್ಡಿಗಳ ಮೇಲೆ ಮೂವರು ಹುಡುಗರ ಹೆಸರು. ದಲೈ ಲಾಮಾ ಗುರುತಿಸಿದ್ದ ಹುಡುಗನ ಹೆಸರು ಅದರಲ್ಲಿ ಇರಲೇ ಇಲ್ಲ. ಎತ್ತಿದ ಕಡ್ಡಿಯಲ್ಲಿ ಗ್ಯಾಲ್ತ್ಸೆನ್ ನೊರ್ಬು ಎಂಬ ಹೆಸರು ಬಂತು. ಆ ಹೊತ್ತಿಗೆ ಅಲ್ಲಿ ಹಾಜರಿದ್ದವರಲ್ಲಿ ಕುಂಬುಮ್ ಮಠದ ಮುಖ್ಯಸ್ಥ ಅರ್ಜಿಯಾ ರಿಂಪೋಚೆ ಒಬ್ಬರು. ಮೂರು ವರ್ಷದ ನಂತರ ಅವರು ಚೀನಾ ಬಿಟ್ಟು ಅಮೆರಿಕ ಸೇರಿದರು. ಗೆಲ್ಲಬೇಕಾದ ಕಡ್ಡಿ ಉಳಿದವಕ್ಕಿಂತ ತುಸು ಮೇಲೆ ನಿಲ್ಲುವಂತೆ ಅದರ ಕೆಳಗೆ ಹತ್ತಿ ಇಟ್ಟಿದ್ದರು, ಹಾಗೆಂದು ಅಧಿಕಾರಿಯೊಬ್ಬ ಹೇಳಿದ್ದನ್ನು ತಾವೇ ಕೇಳಿಸಿಕೊಂಡಿದ್ದಾಗಿ ಅವರು ಆಮೇಲೆ ಹೇಳಿದ್ದಾರೆ.

ಹೀಗೆ ಬಂದ ಪಂಚೆನ್ ಲಾಮಾಗೆ ಮೂವತ್ತು ವರ್ಷದಲ್ಲಿ ಸಿಕ್ಕಿದ್ದೇನು? ಹುದ್ದೆಗಳು ಸಿಕ್ಕವು, ಚೀನಾದ ರಾಜಕೀಯ ಸಲಹಾ ಮಂಡಳಿಯಲ್ಲಿ ಸ್ಥಾನ ಸಿಕ್ಕಿತು, ಸರ್ಕಾರಿ ಬೌದ್ಧ ಸಂಘದಲ್ಲಿ ಉಪಾಧ್ಯಕ್ಷ ಪದವಿ ಸಿಕ್ಕಿತು. ಟಿಬೆಟಿನವರ ಭಕ್ತಿ ಮಾತ್ರ ಅದರ ಜೊತೆಗೆ ಬರಲಿಲ್ಲ. ಅತ್ತ ಕಾಣೆಯಾದ ಹುಡುಗನ ಬಗ್ಗೆ ವಿಶ್ವಸಂಸ್ಥೆಯ ಸಮಿತಿಗಳು ಕೇಳಿದಾಗಲೆಲ್ಲ ಹಾರಿಕೆಯ ಉತ್ತರವೇ ಬಂದಿದೆ. ಆತ ಕಾಲೇಜು ಮುಗಿಸಿ ಕೆಲಸ ಮಾಡುತ್ತಿದ್ದಾನೆ ಎಂದು 2020ರಲ್ಲಿ ಚೀನಾದ ವಕ್ತಾರರು ಹೇಳಿದರು. ಆತನ ಒಂದು ಹೊಸ ಚಿತ್ರವನ್ನೂ ತೋರಿಸಲಿಲ್ಲ. ಜಗತ್ತಿಗೆ ಗೊತ್ತಿರುವುದು ಆರು ವರ್ಷದ ಮಗುವಿನ ಮುಖ ಮಾತ್ರ.

ಕರ್ಮಪಾರ ಕಥೆ ಇನ್ನೂ ಸ್ಪಷ್ಟ. ಕಗ್ಯು ಪಂಥದ ಹದಿನೇಳನೆಯ ಕರ್ಮಪಾ ಓಗ್ಯೆನ್ ತ್ರಿನ್ಲೆ ದೋರ್ಜೆಯವರನ್ನು 1992ರಲ್ಲಿ ದಲೈ ಲಾಮಾ ಒಪ್ಪಿದ್ದರು, ಬೀಜಿಂಗ್ ಕೂಡ ಒಪ್ಪಿತ್ತು. ಜನಗಣರಾಜ್ಯದ ಸರ್ಕಾರ ಅಧಿಕೃತವಾಗಿ ಮಾನ್ಯ ಮಾಡಿದ ಮೊದಲ ಮರುಹುಟ್ಟು ಅದು. ತಾನು ಬೆಳೆಸಿದ ಲಾಮಾ ತನ್ನ ಮಾತು ಕೇಳುತ್ತಾನೆ ಎಂದು ಸರ್ಕಾರ ನಂಬಿತ್ತು. ಹದಿನಾಲ್ಕರ ವಯಸ್ಸಿನಲ್ಲಿ, 1999ರ ಡಿಸೆಂಬರ್ ಕೊನೆಯ ಚಳಿಯಲ್ಲಿ, ಅವರು ಟಿಬೆಟಿನ ತ್ಸುರ್ಫು ಮಠದಿಂದ ತಪ್ಪಿಸಿಕೊಂಡು ನೇಪಾಳದ ಮೂಲಕ ಭಾರತಕ್ಕೆ ಬಂದು ಜನವರಿ ಮೊದಲ ವಾರ ಧರ್ಮಶಾಲಾ ತಲುಪಿದರು. ತಮಗೆ ಕಲಿಸಬೇಕಾದ ಗುರುಗಳು ಭಾರತದಲ್ಲಿದ್ದಾರೆ ಎಂಬುದು ಅವರು ಕೊಟ್ಟ ಕಾರಣ. ಸರ್ಕಾರ ಪದವಿ ಕೊಡಬಲ್ಲದು, ಗುರುಪರಂಪರೆಯನ್ನು ಕೊಡಲಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೀಜಿಂಗ್ ಇದರಿಂದ ಕಲಿತ ಪಾಠ ಬೇರೆ. ಅದು ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿತು. 2007ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ಧಾರ್ಮಿಕ ವ್ಯವಹಾರಗಳ ಇಲಾಖೆಯ ಐದನೆಯ ಆದೇಶದ ಪ್ರಕಾರ ಯಾವ ಲಾಮಾರ ಮರುಹುಟ್ಟೂ ಸರ್ಕಾರದ ಅನುಮತಿ ಇಲ್ಲದೆ ಮಾನ್ಯವಲ್ಲ. ಮಠ ಅರ್ಜಿ ಹಾಕಬೇಕು, ಲಾಮಾ ಎಷ್ಟು ದೊಡ್ಡವರು ಎಂಬುದರ ಮೇಲೆ ಅರ್ಜಿ ಪ್ರಾಂತ್ಯದಿಂದ ಕೇಂದ್ರದವರೆಗೆ ಹೋಗಬೇಕು, ಹೊರದೇಶದ ಯಾವ ವ್ಯಕ್ತಿಯೂ ಸಂಸ್ಥೆಯೂ ಅದರಲ್ಲಿ ಕೈ ಆಡಿಸುವಂತಿಲ್ಲ. ಕಾನೂನಿನ ಬಲದಿಂದ ಜಮೀನಿನ ಖಾತೆ ಬದಲಾಯಿಸಬಹುದು, ಭಕ್ತಿಯ ಖಾತೆಯನ್ನು ಹಾಗೆ ಯಾರ ಹೆಸರಿಗೂ ಬರೆದುಕೊಡಲಾಗುವುದಿಲ್ಲ.

ಇಷ್ಟೆಲ್ಲ ಪಾಡು ಯಾಕೆ ಎಂದರೆ ನಕಾಶೆ ನೋಡಬೇಕು. 1950ರ ಅಕ್ಟೋಬರ್‌ನಲ್ಲಿ ಚೀನಾದ ಸೈನ್ಯ ಪೂರ್ವ ಟಿಬೆಟಿನ ಚಾಮ್ಡೋಗೆ ನುಗ್ಗಿತು. ಮುಂದಿನ ವರ್ಷ, ಟಿಬೆಟ್ ಚೀನಾದ ಭಾಗ ಎಂದು ಹೇಳುವ ಹದಿನೇಳು ಅಂಶಗಳ ಒಪ್ಪಂದವಾಯಿತು. 1959ರ ಮಾರ್ಚ್‌ನಲ್ಲಿ ಲ್ಹಾಸಾ ದಂಗೆ ಎದ್ದಾಗ ದಲೈ ಲಾಮಾ ರಾತ್ರೋರಾತ್ರಿ ನೊರ್ಬುಲಿಂಗ್ಕಾ ಅರಮನೆ ಬಿಟ್ಟು ಮಾರ್ಚ್ 31ರಂದು ತವಾಂಗ್ ಬಳಿ ಭಾರತದ ಗಡಿ ದಾಟಿದರು. ನೆಲ ಚೀನಾದ ಕೈಯಲ್ಲಿ ಉಳಿಯಿತು, ಆ ನೆಲದ ಜನರ ಮನಸ್ಸು ಗಡಿ ದಾಟಿ ಬಂತು. ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ರಸ್ತೆ, ರೈಲು, ವಿಮಾನ ನಿಲ್ದಾಣ ಎಲ್ಲವನ್ನೂ ಕಟ್ಟಿದ ಬೀಜಿಂಗ್‌ಗೆ ಟಿಬೆಟಿನವರು ಮನೆಯಲ್ಲಿ ಗುಟ್ಟಾಗಿ ಇಟ್ಟುಕೊಳ್ಳುವ ದಲೈ ಲಾಮಾರ ಒಂದು ಚಿತ್ರವನ್ನು ತೆಗೆಸಲು ಆಗಿಲ್ಲ. ತನ್ನದೇ ಒಬ್ಬ ದಲೈ ಲಾಮಾ ಇದ್ದರೆ ಆ ಮನಸ್ಸೂ ತನ್ನದಾಗುತ್ತದೆ ಎಂಬುದು ಅದರ ಲೆಕ್ಕ.

ಆ ಲೆಕ್ಕ ಟಿಬೆಟಿಗೆ ನಿಲ್ಲುವುದಿಲ್ಲ. ಲಡಾಖ್, ಸ್ಪಿತಿ, ಸಿಕ್ಕಿಂ, ತವಾಂಗ್, ನೇಪಾಳದ ಉತ್ತರದ ಕಣಿವೆಗಳು, ಭೂತಾನ್, ಮಂಗೋಲಿಯಾ, ರಷ್ಯಾದ ಬುರ್ಯಾತಿಯಾ, ಕಲ್ಮಿಕಿಯಾಗಳವರೆಗೆ ಟಿಬೆಟಿನ ಬೌದ್ಧಧರ್ಮದ ಊರುಗಳು ಹರಡಿವೆ. ಭಾರತದ ಉತ್ತರದ ಗಡಿಯ ಬಹುಭಾಗ ಇದರೊಳಗೇ ಬರುತ್ತದೆ. ಆರನೆಯ ದಲೈ ಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೋ ಹುಟ್ಟಿದ್ದು ತವಾಂಗ್‌ನ ಉರ್ಗೆಲಿಂಗ್‌ನಲ್ಲಿ. ಅರುಣಾಚಲ ಪ್ರದೇಶವನ್ನು ದಕ್ಷಿಣ ಟಿಬೆಟ್ ಎಂದು ಕರೆಯುವ ಚೀನಾ, ತವಾಂಗ್ ಮಠಕ್ಕೂ ಲ್ಹಾಸಾಕ್ಕೂ ಇದ್ದ ಹಳೆಯ ಸಂಬಂಧವನ್ನೇ ತನ್ನ ಹಕ್ಕಿಗೆ ಆಧಾರ ಮಾಡಿಕೊಳ್ಳುತ್ತದೆ. 2017ರ ಏಪ್ರಿಲ್‌ನಲ್ಲಿ ದಲೈ ಲಾಮಾ ತವಾಂಗ್‌ಗೆ ಹೋಗಿ ಬಂದ ಕೆಲವೇ ದಿನಗಳಲ್ಲಿ ಅರುಣಾಚಲದ ಆರು ಜಾಗಗಳಿಗೆ ಚೀನೀ ಹೆಸರು ಪ್ರಕಟವಾಯಿತು. ನಾಳೆ ಬೀಜಿಂಗ್ ನೇಮಿಸಿದ ದಲೈ ಲಾಮಾ ತವಾಂಗ್ ತಮ್ಮ ಪೂರ್ವಜನ್ಮದ ಊರು ಎಂದು ಹೇಳಿದರೆ ಅದು ಭಕ್ತಿಯ ಮಾತಾಗಿ ಉಳಿಯುವುದಿಲ್ಲ, ಗಡಿಯ ಮಾತಾಗುತ್ತದೆ.

ಮಂಗೋಲಿಯಾ ಈ ಒತ್ತಡದ ರುಚಿಯನ್ನು ಈಗಾಗಲೇ ಕಂಡಿದೆ. ಆ ದೇಶದ ಸರಕಿನ ದೊಡ್ಡ ಪಾಲು ಹೋಗುವುದು ಚೀನಾಕ್ಕೆ. 2016ರ ನವೆಂಬರ್‌ನಲ್ಲಿ ದಲೈ ಲಾಮಾ ಅಲ್ಲಿಗೆ ಹೋಗಿದ್ದಕ್ಕೆ ಬೀಜಿಂಗ್ ಸಾಲದ ಮಾತುಕತೆ ಮುಂದೂಡಿತು, ಗಡಿಯಲ್ಲಿ ಸರಕಿನ ಲಾರಿಗಳಿಗೆ ಹೊಸ ಶುಲ್ಕ ಬಿತ್ತು. ಒಂದೇ ತಿಂಗಳಲ್ಲಿ ಮಂಗೋಲಿಯಾದ ವಿದೇಶಾಂಗ ಸಚಿವರು ತಮ್ಮ ಸರ್ಕಾರದ ಅವಧಿಯಲ್ಲಿ ಇನ್ನು ದಲೈ ಲಾಮಾರನ್ನು ಬರಮಾಡಿಕೊಳ್ಳುವುದಿಲ್ಲ ಎಂದರು. ಅದಕ್ಕೂ ಮುಂಚೆ, 2011ರಲ್ಲಿ, ದಕ್ಷಿಣ ಆಫ್ರಿಕಾದ ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ತಮ್ಮ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಗೆಳೆಯ ದಲೈ ಲಾಮಾರನ್ನು ಕರೆದಿದ್ದರು. ವೀಸಾ ಸಕಾಲಕ್ಕೆ ಬರಲಿಲ್ಲ, ಗೆಳೆಯನಿಗೆ ಹೋಗಲಾಗಲಿಲ್ಲ. ವರ್ಣಭೇದದ ವಿರುದ್ಧ ಹೋರಾಡಿ ಹುಟ್ಟಿದ ದೇಶವೊಂದು ಒಬ್ಬ ಮುದಿ ಸನ್ಯಾಸಿಗೆ ಬಾಗಿಲು ತೆರೆಯಲು ಹಿಂಜರಿಯಿತು.

ಆದರೆ ಅದೇ ಮಂಗೋಲಿಯಾದಲ್ಲಿ ಧರ್ಮ ಇನ್ನೊಂದು ರೀತಿಯಲ್ಲೂ ದೇಶಗಳನ್ನು ಬೆಸೆದಿದೆ. 1990ರಲ್ಲಿ ಭಾರತ ಅಲ್ಲಿಗೆ ರಾಯಭಾರಿಯಾಗಿ ಕಳುಹಿಸಿದ್ದು ಲಡಾಖಿನ ಲಾಮಾ ಕುಶೋಕ್ ಬಕುಲಾ ರಿಂಪೋಚೆಯವರನ್ನು. ಅವರು ಸಂಸದರಾಗಿದ್ದವರು, ಸ್ವತಃ ಮರುಹುಟ್ಟೆಂದು ಮಾನ್ಯರಾದವರು. ಮಂಗೋಲಿಯಾದಲ್ಲಿ 1930ರ ದಶಕದ ದಮನದಲ್ಲಿ ಸಾವಿರಾರು ಸನ್ಯಾಸಿಗಳು ಕೊಲೆಯಾಗಿದ್ದರು, ಮಠಗಳು ನೆಲಸಮವಾಗಿದ್ದವು. ಕಮ್ಯುನಿಸ್ಟ್ ಆಡಳಿತ ಸಡಿಲಗೊಳ್ಳುತ್ತಿದ್ದ ಹೊತ್ತಿಗೆ ಬಂದ ಈ ರಾಯಭಾರಿಯ ಬಳಿ ಜನ ಆಶೀರ್ವಾದಕ್ಕೆ ಬರುತ್ತಿದ್ದರು. ಹತ್ತು ವರ್ಷ ಅಲ್ಲೇ ಇದ್ದು ಅವರು ಉಲಾನ್‌ಬಾತರ್‌ನಲ್ಲಿ ಒಂದು ಮಠ ಕಟ್ಟಿದರು, ಹುಡುಗರನ್ನು ಭಾರತಕ್ಕೆ ಓದಲು ಕಳುಹಿಸಿದರು. ಅವರನ್ನು ಇಂದಿಗೂ ಮಂಗೋಲಿಯಾದಲ್ಲಿ ಗೌರವದಿಂದ ನೆನೆಯುತ್ತಾರೆ. ರಾಯಭಾರಿಯೊಬ್ಬರ ನೆನಪು ಹೀಗೆ ಉಳಿಯುವುದು ಅಪರೂಪ. ಬಕುಲಾ ರಿಂಪೋಚೆ ಅಲ್ಲಿನ ಜನರಿಗೆ ಅವರು ಕಳೆದುಕೊಂಡಿದ್ದನ್ನು ಹಿಂದಿರುಗಿಸಲು ನೆರವಾದರು, ಯಾವ ಲಾಮಾ ಯಾರೆಂದು ಭಾರತದ ಪರವಾಗಿ ತೀರ್ಪು ಕೊಡಲು ಹೋಗಲಿಲ್ಲ. ಅವರ ಗೆಲುವಿನ ಗುಟ್ಟು ಅದೇ ಎಂದು ನಾನು ನಂಬಿದ್ದೇನೆ.

ಇನ್ನು ನಮ್ಮ ನಾಡಿನ ಮಾತು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕೊಡಲು ನೆಹರೂ ರಾಜ್ಯಗಳನ್ನು ಕೇಳಿದಾಗ ಅತಿ ಹೆಚ್ಚು ಜಾಗ ಕೊಟ್ಟಿದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡು ಕಡಿದು 1960ರ ದಶಕದ ಆರಂಭದಲ್ಲಿ ಮೊದಲ ವಸತಿ ಎದ್ದಿತು. 1966ರಲ್ಲಿ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದಾಗ ಉತ್ತರ ಕನ್ನಡದ ಮುಂಡಗೋಡದಲ್ಲಿ, 1970ರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯದ ಬಳಿ ಉಳಿದವು ಬಂದವು. ನಿಜಲಿಂಗಪ್ಪನವರ ಉಪಕಾರವನ್ನು ದಲೈ ಲಾಮಾ ಆಗಾಗ ನೆನೆಯುತ್ತಾರೆ. ಹಿಮಾಲಯದ ತಂಪಿನಿಂದ ಬಂದವರು ಇಲ್ಲಿನ ಬಿಸಿಲಿಗೆ, ಕಾಡಾನೆಗೆ, ಜ್ವರಕ್ಕೆ ಎದೆಗೊಟ್ಟು ಮುಸುಕಿನ ಜೋಳ ಬೆಳೆದರು, ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಿದರು.

ಅವರು ಹೊತ್ತು ತಂದದ್ದು ಅದಕ್ಕಿಂತ ದೊಡ್ಡದು. ಲ್ಹಾಸಾದ ಸುತ್ತಿನ ಮೂರು ಮಹಾಮಠಗಳು ಗಾಂಡೆನ್, ಡ್ರೆಪುಂಗ್, ಸೇರಾ. ಮೂರೂ 1409ರಿಂದ 1419ರ ನಡುವೆ ಕಟ್ಟಿದವು. 1959ರ ನಂತರ ತಪ್ಪಿಸಿಕೊಂಡು ಬಂದ ಸನ್ಯಾಸಿಗಳನ್ನು ಮೊದಲು ಇರಿಸಿದ್ದು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಸೆರೆಮನೆಯೊಂದರಲ್ಲಿ. ಅಲ್ಲಿ ಕ್ಷಯರೋಗಕ್ಕೆ ಎಷ್ಟೋ ಜನ ಬಲಿಯಾದರು. ಉಳಿದವರು ಕರ್ನಾಟಕಕ್ಕೆ ಬಂದು ಸೇರಾವನ್ನು ಬೈಲಕುಪ್ಪೆಯಲ್ಲಿ, ಗಾಂಡೆನ್ ಮತ್ತು ಡ್ರೆಪುಂಗ್‌ಗಳನ್ನು ಮುಂಡಗೋಡದಲ್ಲಿ ಮತ್ತೆ ಕಟ್ಟಿದರು. ಪಂಚೆನ್ ಲಾಮಾರ ಪೀಠವಾದ ತಾಶಿ ಲ್ಹುನ್ಪೊ ಕೂಡ ಬೈಲಕುಪ್ಪೆಯಲ್ಲಿದೆ. ಕಾಣೆಯಾದ ಆ ಹುಡುಗನ ಪೀಠ ಅಲ್ಲಿ ಇಂದಿಗೂ ಖಾಲಿ.

ಪ್ರವಾಸಿಗಳು ಬೈಲಕುಪ್ಪೆಗೆ ಹೋದರೆ ಗೋಲ್ಡನ್ ಟೆಂಪಲ್ ನೋಡಿ, ಮೊಮೊ ತಿಂದು ಕುಶಾಲನಗರದ ಕಡೆ ತಿರುಗುತ್ತಾರೆ. ಸೇರಾದ ವಾದದ ಅಂಗಳದಲ್ಲಿ ಒಂದು ಗಂಟೆ ನಿಂತರೆ ಬೀಜಿಂಗ್ ಯಾಕೆ ಗೆಲ್ಲುತ್ತಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಒಬ್ಬ ನೆಲದ ಮೇಲೆ ಕೂತಿರುತ್ತಾನೆ, ಇನ್ನೊಬ್ಬ ಎದುರು ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆಯ ಕೊನೆಗೆ ನಿಂತವನ ಬಲಗೈ ಮೇಲೆದ್ದು ಎಡ ಅಂಗೈಗೆ ರಪ್ಪೆಂದು ಬಡಿಯುತ್ತದೆ, ಎಡಗಾಲು ನೆಲಕ್ಕೆ ಅಪ್ಪಳಿಸುತ್ತದೆ. ಕೂತವನು ಒಪ್ಪಬೇಕು, ಇಲ್ಲವೇ ಕಾರಣ ಕೊಟ್ಟು ನಿರಾಕರಿಸಬೇಕು. ಹಿಂದಿನ ಮಾತಿಗೆ ವಿರುದ್ಧವಾದ ಉತ್ತರ ಕೊಟ್ಟರೆ ಸುತ್ತ ಇದ್ದವರೂ ಸೇರಿಕೊಂಡು ಮುತ್ತುತ್ತಾರೆ. ನೂರಾರು ಜೋಡಿಗಳು ಒಟ್ಟಿಗೇ ವಾದಿಸುವಾಗ ಅಂಗಳ ಮೊಳಗುತ್ತದೆ. ಅವರು ಕಲಿಯುವುದು ನಾಗಾರ್ಜುನ, ಧರ್ಮಕೀರ್ತಿಯವರ ಪರಂಪರೆಯ ತರ್ಕ ಮತ್ತು ದರ್ಶನ. ಗೆಶೆ ಪದವಿಗೆ ಹದಿನೈದು ಇಪ್ಪತ್ತು ವರ್ಷದ ಓದು ಬೇಕು. 2016ರ ಡಿಸೆಂಬರ್‌ನಲ್ಲಿ ಮುಂಡಗೋಡದ ಡ್ರೆಪುಂಗ್‌ನಲ್ಲಿ ಮೊದಲ ಬಾರಿಗೆ ಇಪ್ಪತ್ತು ಸನ್ಯಾಸಿನಿಯರು ಗೆಶೆಮಾ ಪದವಿ ಪಡೆದರು. ದಲೈ ಲಾಮಾರ ಅಧಿಕಾರ ನಿಂತಿರುವುದು ಇಂಥ ಅಂಗಳಗಳ ಮೇಲೆ. ಮಗುವನ್ನು ಪರೀಕ್ಷಿಸುವವರು, ಅವನಿಗೆ ಅಕ್ಷರ ಕಲಿಸುವವರು, ಅವನನ್ನು ವಾದದಲ್ಲಿ ಸೋಲಿಸಿ ಬೆಳೆಸುವವರು ಇಲ್ಲಿಂದ ಬರುತ್ತಾರೆ. ಕಲಶವನ್ನು ಯಾರು ಬೇಕಾದರೂ ಮಾಡಿಸಬಹುದು, ಇದನ್ನು ಮಾಡಿಸಲು ಆರು ಶತಮಾನ ಬೇಕು.

ಇಲ್ಲಿ ಓದಿದವರು ಲಡಾಖ್‌ನಿಂದ ಮಂಗೋಲಿಯಾದವರೆಗೆ ಮಠಗಳನ್ನು ನಡೆಸುತ್ತಿದ್ದಾರೆ. ಕಲ್ಮಿಕಿಯಾದ ಬೌದ್ಧರ ಮುಖ್ಯಸ್ಥರಾಗಿದ್ದ ತೆಲೊ ತುಲ್ಕು ರಿಂಪೋಚೆ ಬಾಲ್ಯದಲ್ಲಿ ಮುಂಡಗೋಡದ ಡ್ರೆಪುಂಗ್ ಗೋಮಾಂಗ್‌ನಲ್ಲಿ ಕಲಿತವರು. 2022ರಲ್ಲಿ ಉಕ್ರೇನ್ ಮೇಲಿನ ಯುದ್ಧ ತಪ್ಪು ಎಂದು ಅವರು ಹೇಳಿದರು. 2023ರ ಜನವರಿಯಲ್ಲಿ ರಷ್ಯಾ ಅವರನ್ನು ವಿದೇಶಿ ಏಜೆಂಟ್ ಎಂದು ಘೋಷಿಸಿತು, ಅವರು ಹುದ್ದೆ ಬಿಟ್ಟರು. ಮುಂಡಗೋಡದ ವಿದ್ಯಾರ್ಥಿಯೊಬ್ಬರ ಮಾತು ಮಾಸ್ಕೋಗೆ ಇರಿಸುಮುರಿಸಾಗುವಷ್ಟು ದೂರ ಹೋಗಿದೆ.

ಹಾಗಾದರೆ ಭಾರತ ಏನು ಮಾಡಬೇಕು? ಇದುವರೆಗಿನ ನಮ್ಮ ನಡೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. 1954ರ ಪಂಚಶೀಲ ಒಪ್ಪಂದದಲ್ಲಿ ಟಿಬೆಟನ್ನು ಚೀನಾದ ಪ್ರದೇಶ ಎಂದು ಒಪ್ಪಿದ ನಾವು ಐದೇ ವರ್ಷದಲ್ಲಿ ದಲೈ ಲಾಮಾರಿಗೆ ಆಶ್ರಯ ಕೊಟ್ಟೆವು. 2003ರಲ್ಲಿ ವಾಜಪೇಯಿಯವರು ಬೀಜಿಂಗ್‌ಗೆ ಹೋದಾಗ ಆ ಮಾತನ್ನು ಇನ್ನಷ್ಟು ಸ್ಪಷ್ಟವಾಗಿ ಬರೆದುಕೊಟ್ಟೆವು. 2018ರಲ್ಲಿ ಟಿಬೆಟಿನವರು ಭಾರತಕ್ಕೆ ಧನ್ಯವಾದ ಹೇಳಲು ಇಟ್ಟುಕೊಂಡ ಕಾರ್ಯಕ್ರಮಗಳಿಂದಲೇ ದೂರ ಇರಿ ಎಂದು ಅಧಿಕಾರಸ್ಥರಿಗೆ ಸೂಚನೆ ಹೋಯಿತು. 2020ರಲ್ಲಿ ಚೀನಾದೊಂದಿಗೆ ಗಲ್ವಾನ್ ಘರ್ಷಣೆ ಆದ ಮರುವರ್ಷ ಪ್ರಧಾನಿ ದಲೈ ಲಾಮಾರಿಗೆ ಬಹಿರಂಗವಾಗಿ ಹುಟ್ಟುಹಬ್ಬದ ಶುಭಾಶಯ ಕೋರಿದರು. 2025ರ ಜುಲೈನಲ್ಲಿ ಕೇಂದ್ರ ಸಚಿವ ಕಿರಣ್ ರಿಜಿಜು ಉತ್ತರಾಧಿಕಾರಿಯ ತೀರ್ಮಾನ ದಲೈ ಲಾಮಾ ಪರಂಪರೆಗೇ ಸೇರಿದ್ದು ಎಂದರು. ನಂಬಿಕೆ ಮತ್ತು ಧಾರ್ಮಿಕ ಆಚರಣೆಗಳ ವಿಷಯದಲ್ಲಿ ಸರ್ಕಾರ ಯಾವ ನಿಲುವನ್ನೂ ತಳೆಯುವುದಿಲ್ಲ ಎಂದು ವಿದೇಶಾಂಗ ಸಚಿವಾಲಯ ಎರಡು ದಿನದೊಳಗೆ ಹೇಳಿತು. ಚೀನಾದೊಂದಿಗೆ ಮುನಿಸಾದಾಗ ನಲ್ಲಿ ತಿರುಗಿಸುವುದು, ರಾಜಿಯಾದಾಗ ಮುಚ್ಚುವುದು ಎಂಬ ಈ ರೀತಿಯಿಂದ ಟಿಬೆಟಿನವರಿಗೆ ನೋವಾಗುತ್ತದೆ, ನಮ್ಮ ಮಾತಿಗೂ ಬೆಲೆ ಕಡಿಮೆಯಾಗುತ್ತದೆ.

ಬೇರೆಯವರ ಬೆಂಬಲದ ಮೇಲೂ ನಂಬಿಕೆ ಇಡುವಂತಿಲ್ಲ. ಉತ್ತರಾಧಿಕಾರದಲ್ಲಿ ಕೈ ಹಾಕುವ ಚೀನೀ ಅಧಿಕಾರಿಗಳ ಮೇಲೆ ನಿರ್ಬಂಧ ಹೇರುವ ಕಾನೂನನ್ನು ಅಮೆರಿಕ 2020ರಲ್ಲಿ ಮಾಡಿತು. ಅದು ಸ್ವಾಗತಾರ್ಹ. ಆದರೆ 1950ರ, 60ರ ದಶಕಗಳಲ್ಲಿ ಟಿಬೆಟಿನ ಸಶಸ್ತ್ರ ಪ್ರತಿರೋಧಕ್ಕೆ ಗುಟ್ಟಾಗಿ ಹಣ, ಆಯುಧ ಕೊಟ್ಟಿದ್ದು ಇದೇ ಅಮೆರಿಕ. ನಿಕ್ಸನ್ ಬೀಜಿಂಗ್ ಕಡೆ ಹೊರಳಿದ ಕಾಲಕ್ಕೆ ಆ ಹೋರಾಟಗಾರರನ್ನು ನಡುನೀರಿನಲ್ಲಿ ಕೈಬಿಟ್ಟಿದ್ದೂ ಅದೇ. ಇತ್ತ ವ್ಯಾಟಿಕನ್ 2018ರಲ್ಲಿ ಬಿಷಪ್‌ಗಳ ನೇಮಕದ ಬಗ್ಗೆ ಬೀಜಿಂಗ್ ಜೊತೆ ಒಪ್ಪಂದ ಮಾಡಿಕೊಂಡಿತು, 2024ರಲ್ಲಿ ಅದನ್ನು ನಾಲ್ಕು ವರ್ಷಕ್ಕೆ ನವೀಕರಿಸಿತು. ಅದರ ಪೂರ್ತಿ ಪಠ್ಯ ಇಂದಿಗೂ ಪ್ರಕಟವಾಗಿಲ್ಲ. ಕೋಟ್ಯಂತರ ಅನುಯಾಯಿಗಳೂ ತನ್ನದೇ ರಾಜ್ಯವೂ ಇರುವ ಪೀಠಕ್ಕೇ ಇಷ್ಟು ಬಗ್ಗಬೇಕಾಗಿ ಬಂದಿದೆ ಎಂದರೆ, ರಾಜ್ಯವಿಲ್ಲದ ಟಿಬೆಟಿನ ಪೀಠ ಇಷ್ಟು ದಿನ ಬಗ್ಗದೆ ಉಳಿದದ್ದು ಸಣ್ಣ ಮಾತಲ್ಲ.

ಭಾರತವೂ ಈಗ ಬೌದ್ಧಧರ್ಮವನ್ನು ರಾಜತಾಂತ್ರಿಕತೆಗೆ ಬಳಸುತ್ತಿದೆ. ಬುದ್ಧನ ಪವಿತ್ರ ಅವಶೇಷಗಳನ್ನು 2022ರಲ್ಲಿ ಮಂಗೋಲಿಯಾಕ್ಕೆ, 2024ರಲ್ಲಿ ಥಾಯ್ಲೆಂಡಿಗೆ, 2025ರಲ್ಲಿ ವಿಯೆಟ್ನಾಂಗೆ ಕಳುಹಿಸಿತು. ಚೀನಾ ಕೂಡ ಬೀಜಿಂಗ್‌ನಲ್ಲಿರುವ ಬುದ್ಧನ ದಂತವನ್ನು 2024ರ ಕೊನೆಗೆ ಥಾಯ್ಲೆಂಡಿಗೆ ಕಳುಹಿಸಿತ್ತು. ಅವಶೇಷದ ಮುಂದೆ ಕೈಮುಗಿದು ನಿಲ್ಲುವ ಸಾಮಾನ್ಯ ಜನರ ಭಕ್ತಿ ನಿಜವಾದದ್ದು, ಅದನ್ನು ಗೌರವಿಸುವುದು ಒಳ್ಳೆಯದೇ. ಆದರೆ ಇದು ಚೀನಾದೊಂದಿಗಿನ ಪೈಪೋಟಿಯಾಗಿಯೇ ಬೆಳೆದರೆ ನಾವೂ ಕಲಶ ಹಿಡಿದವರ ಸಾಲಿಗೆ ಸೇರುತ್ತೇವೆ. ಕರ್ಮಪಾ ಭಾರತಕ್ಕೆ ಬಂದಾಗ ನಮ್ಮ ಆಡಳಿತವೂ ವರ್ಷಗಟ್ಟಲೆ ಅವರನ್ನು ಅನುಮಾನದಿಂದ ನೋಡಿತು, ಅವರ ಹಿಂದಿನ ಕರ್ಮಪಾ ಕಟ್ಟಿದ ಸಿಕ್ಕಿಂನ ರುಮ್ಟೆಕ್ ಮಠಕ್ಕೆ ಹೋಗಲು ಬಿಡಲಿಲ್ಲ. ರಾಜ್ಯದ ಕಣ್ಣಿಗೆ ಧರ್ಮಗುರು ಸಾಧನವಾಗಿ ಕಾಣತೊಡಗಿದರೆ ಬೆದರಿಕೆಯಾಗಿ ಕಾಣಲು ಹೆಚ್ಚು ಹೊತ್ತು ಬೇಕಿಲ್ಲ.

ಭಾರತ ಮಾಡಬೇಕಾದ ಕೆಲಸ ಬೇರೆಯೇ ಇದೆ, ಅದರಲ್ಲಿ ಹೆಚ್ಚಿನದು ಕರ್ನಾಟಕದಲ್ಲೇ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದ ಟಿಬೆಟಿನವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳು ಎಂಬುದನ್ನು ದೆಹಲಿ ಮತ್ತು ಕರ್ನಾಟಕ ಹೈಕೋರ್ಟ್‌ಗಳು ಎತ್ತಿಹಿಡಿದಿವೆ. ಉಳಿದವರು ಇಂದಿಗೂ ವಿದೇಶಿಯರ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತಾ ಬದುಕುತ್ತಿದ್ದಾರೆ. ನಿರಾಶ್ರಿತರ ಹಕ್ಕುಗಳ ಬಗ್ಗೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. ಹೊರದೇಶದಿಂದ ಬೈಲಕುಪ್ಪೆಗೆ ಓದಲು ಬರುವವರು ವಿಶೇಷ ಅನುಮತಿಗಾಗಿ ಕಾಯಬೇಕು. ಕ್ಯಾಂಪುಗಳಿಂದ ಯುವಕರು ಯುರೋಪು, ಅಮೆರಿಕಗಳಿಗೆ ವಲಸೆ ಹೋಗುತ್ತಿದ್ದಾರೆ, ಟಿಬೆಟಿನಿಂದ ಹೊಸದಾಗಿ ಬರುವವರ ದಾರಿ 2008ರ ನಂತರ ಬಹುತೇಕ ಮುಚ್ಚಿಹೋಗಿದೆ. ಮಠಗಳು ಉಳಿಯಬೇಕಾದರೆ ಊರುಗಳು ಉಳಿಯಬೇಕು. ಜಮೀನಿನ ಗುತ್ತಿಗೆ, ಪ್ರಯಾಣದ ದಾಖಲೆ, ಕಾಲೇಜು ಪ್ರವೇಶ, ಉದ್ಯೋಗ ಇವೆಲ್ಲ ತಾಲ್ಲೂಕು ಕಚೇರಿ, ಜಿಲ್ಲಾಧಿಕಾರಿ ಕಚೇರಿಗಳಲ್ಲಿ ತೀರ್ಮಾನವಾಗುವ ಸಣ್ಣ ಕೆಲಸಗಳಂತೆ ಕಾಣುತ್ತವೆ. ಹಿಮಾಲಯದ ಮೇಲಿನ ದೊಡ್ಡ ವ್ಯಾಜ್ಯ ಈ ಸಣ್ಣ ಕೆಲಸಗಳ ಮೇಲೆ ನಿಂತಿದೆ.

ಇದರ ಜೊತೆಗೆ ದೆಹಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮುಂದಿನ ದಲೈ ಲಾಮಾ ಯಾರು ಎಂದು ಭಾರತ ಹೇಳುವುದಿಲ್ಲ, ಬೇರೆ ಯಾವ ಸರ್ಕಾರ ಹೇಳಿದರೂ ಭಾರತ ಅದನ್ನು ಒಪ್ಪುವುದಿಲ್ಲ. ಈ ಮಾತಿನ ಮೊದಲ ಅರ್ಧವನ್ನು ನಮ್ಮ ವಿದೇಶಾಂಗ ಸಚಿವಾಲಯ ಹೇಳಿಯಾಗಿದೆ, ಎರಡನೆಯ ಅರ್ಧ ಬಾಕಿ ಇದೆ. ಮುಂದಿನವರು ಮುಕ್ತ ಜಗತ್ತಿನಲ್ಲಿ ಹುಟ್ಟುತ್ತಾರೆ ಎಂದು ದಲೈ ಲಾಮಾ 2025ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಎರಡು ದಲೈ ಲಾಮಾಗಳು ಇರುವ ದಿನ ಬಂದೇ ಬರಬಹುದು. ಒಬ್ಬರ ಹಿಂದೆ ಜಗತ್ತಿನ ಬಲಿಷ್ಠ ಸರ್ಕಾರಗಳಲ್ಲೊಂದು ನಿಂತಿರುತ್ತದೆ. ಇನ್ನೊಬ್ಬರು ಮಾತು ಕಲಿಯುತ್ತಿರುವ ಮಗುವಾಗಿರುತ್ತಾರೆ. ಆ ಮಗು ದೊಡ್ಡವನಾಗಿ ಪಾಠ ಹೇಳುವಷ್ಟಾಗಲು ಇಪ್ಪತ್ತು ವರ್ಷ ಬೇಕು, ಆ ಇಪ್ಪತ್ತು ವರ್ಷ ಬೀಜಿಂಗ್ ಸುಮ್ಮನೆ ಕೂರುವುದಿಲ್ಲ. ಆ ಅವಧಿಯಲ್ಲಿ ಮಗುವಿಗೆ ಕಲಿಸುವ ಗುರುಗಳಿಗೂ ಅವರ ಮಠಗಳಿಗೂ ಅವುಗಳ ಸುತ್ತಲಿನ ಊರುಗಳಿಗೂ ಅಂಜಿಕೆಯಿಲ್ಲದೆ ಬದುಕುವ ಅವಕಾಶ ಕೊಡುವುದು ಒಂದು ಪ್ರಜಾಪ್ರಭುತ್ವ ಮಾಡಬಹುದಾದ ಕೆಲಸ, ಚೀನಾಕ್ಕೆ ಮಾಡಲಾಗದ ಕೆಲಸವೂ ಅದೇ. ಮೈಸೂರು ರಾಜ್ಯ ಅದನ್ನು ಅರವತ್ತು ವರ್ಷದ ಹಿಂದೆಯೇ ಆರಂಭಿಸಿತ್ತು. ಅದನ್ನು ಮುಗಿಸುವ ಹೊಣೆ ನಮ್ಮ ಮೇಲಿದೆ.